ಗ್ಯಾನ್ ಚಾರ್ಜರ್: ಉಳಿಸಿದ ಬಿಸಿ ಎಲ್ಲಿ ಹೋಯಿತು?

ಫೋನಿಗೋ ಲ್ಯಾಪ್‌ಟಾಪಿಗೋ ಹೊಸ ಚಾರ್ಜರ್ ಕೊಳ್ಳಲು ಹೊರಟವರಿಗೆ ಈಗ ‘ಗ್ಯಾನ್’ ಎಂಬ ಹೆಸರು ಎದುರಾಗದೆ ಇರುವುದಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದ ಮೊಟಕು ಹೆಸರು ಅದು. ಯಾವ ಕಂಪನಿಯ ಡಬ್ಬಿ ನೋಡಿದರೂ ಹೊಗಳಿಕೆ ಹೆಚ್ಚುಕಡಿಮೆ ಒಂದೇ: ಚಿಕ್ಕದು, ತಣ್ಣಗಿರುತ್ತದೆ, ಬೇಗ ಚಾರ್ಜ್ ಮಾಡುತ್ತದೆ, ಕರೆಂಟು ಉಳಿಸುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಬೆಲೆ ಮಾತ್ರ ಅಷ್ಟೇ ವ್ಯಾಟಿನ ಮಾಮೂಲಿ ಅಡಾಪ್ಟರಿಗಿಂತ ಜಾಸ್ತಿ. ಈ ಮಾತುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಮೊದಲನೆಯದು ಪೂರ್ತಿ ನಿಜ. ಉಳಿದವುಗಳಲ್ಲಿ ಒಂದೆರಡು ಅರ್ಧ ನಿಜ, ಮಿಕ್ಕವು ಬೇರೆ ಯಾರದೋ ದುಡಿಮೆಗೆ ಗ್ಯಾಲಿಯಂ ಪಡೆದುಕೊಂಡ ಹೆಸರು. ‘ಸಿಲಿಕಾನಿಗಿಂತ ಗ್ಯಾನ್ ಮೇಲೇ?’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಸಾಲದು. ಗ್ಯಾನ್ ಕೊಟ್ಟ ಲಾಭವನ್ನು ಚಾರ್ಜರ್ ಮಾಡುವವರು ಯಾವುದಕ್ಕೆ ಬಳಸಿಕೊಂಡರು ಎಂಬುದನ್ನೂ ಕೇಳಬೇಕು.

ಹಳೆಯ ಟೇಪ್‌ರೆಕಾರ್ಡರ್, ಟ್ರಾನ್ಸಿಸ್ಟರ್ ರೇಡಿಯೊಗಳ ಅಡಾಪ್ಟರ್ ಕೈಗೆತ್ತಿಕೊಂಡವರಿಗೆ ಅದರ ಭಾರ ನೆನಪಿರಬಹುದು. ಅವುಗಳೊಳಗಿನ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಗೋಡೆಯ ಕರೆಂಟನ್ನು ಬಂದ ಹಾಗೆಯೇ, ಸೆಕೆಂಡಿಗೆ 50 ಆವರ್ತನದಲ್ಲೇ ತೆಗೆದುಕೊಂಡು ವೋಲ್ಟೇಜ್ ಇಳಿಸುತ್ತಿತ್ತು. ಇಂದಿನ ಅಡಾಪ್ಟರುಗಳು ಹಾಗಲ್ಲ. 230 ವೋಲ್ಟಿನ ಎಸಿಯನ್ನು ಮೊದಲು ನಾಲ್ಕು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ದಪ್ಪನೆಯ ಕೆಪಾಸಿಟರೊಂದು ಅದರ ಏರಿಳಿತ ತಗ್ಗಿಸಿ ಸುಮಾರು 325 ವೋಲ್ಟಿನ ಡಿಸಿಯಾಗಿ ಹಿಡಿದಿಡುತ್ತದೆ. ಆಮೇಲೆ ಒಂದು ಟ್ರಾನ್ಸಿಸ್ಟರ್ ಆ ಡಿಸಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅದರ ಆಚೆ ಬದಿಯಲ್ಲಿ ನಮಗೆ ಬೇಕಾದ 5, 9 ಅಥವಾ 20 ವೋಲ್ಟು ಸಿಗುತ್ತದೆ.

ಬಾವಿಯಿಂದ ತೊಟ್ಟಿಗೆ ನೀರು ತುಂಬಿಸುವಾಗ ದೊಡ್ಡ ಕೊಡದಲ್ಲಿ ನಿಧಾನವಾಗಿ ಹೊರಬಹುದು, ಇಲ್ಲವೇ ಚೊಂಬಿನಲ್ಲಿ ಬಹಳ ಬೇಗಬೇಗ ಓಡಾಡಬಹುದು. ಹೊತ್ತ ನೀರು ಎರಡರಲ್ಲೂ ಅಷ್ಟೇ. ಟ್ರಾನ್ಸ್‌ಫಾರ್ಮರಿನ ವಿಷಯದಲ್ಲೂ ನಡೆಯುವುದು ಇದೇ. ಸೆಕೆಂಡಿಗೆ ಎಷ್ಟು ಹೆಚ್ಚು ಸಲ ಸ್ವಿಚ್ ಮಾಡುತ್ತೇವೋ ಒಂದೊಂದು ಸಲಕ್ಕೆ ಸಾಗಿಸಬೇಕಾದ ಶಕ್ತಿ ಅಷ್ಟು ಕಡಿಮೆ, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಅಷ್ಟು ಚಿಕ್ಕದು. ಕಬ್ಬಿಣದ ಇಟ್ಟಿಗೆಯಂಥ ಅಡಾಪ್ಟರನ್ನು ಅಂಗೈಗೆ ತಂದದ್ದು ಈ ಉಪಾಯ, ಮತ್ತು ಅದನ್ನು ಮಾಡಿ ತೋರಿಸಿದ್ದು ಸಿಲಿಕಾನ್. ಗ್ಯಾನ್ ಬಂದ ಮೇಲೆ ಆದ ಕುಗ್ಗುವಿಕೆಗಿಂತ ಇದು ಬಹಳ ದೊಡ್ಡ ಜಿಗಿತ. ಇವತ್ತು ಅದನ್ನು ಯಾರೂ ಎತ್ತಿ ಆಡುವುದಿಲ್ಲ ಎಂದು ನನಗೆ ಬೇಸರವಿದೆ.

ಹಾಗಾದರೆ ಸಿಲಿಕಾನನ್ನೇ ಇನ್ನೂ ವೇಗವಾಗಿ ಓಡಿಸಬಹುದಲ್ಲ? ಇಲ್ಲಿ ತೊಡಕಿದೆ. ಸ್ವಿಚ್ ಪೂರ್ತಿ ಆನ್ ಇದ್ದಾಗ ಅದರಲ್ಲಿ ವೋಲ್ಟೇಜ್ ಹೆಚ್ಚೇನೂ ಉಳಿಯುವುದಿಲ್ಲ, ಪೂರ್ತಿ ಆಫ್ ಇದ್ದಾಗ ಕರೆಂಟ್ ಹರಿಯುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಮಾತ್ರ ಎರಡೂ ಇರುತ್ತವೆ, ಆಗ ಶಕ್ತಿ ಶಾಖವಾಗುತ್ತದೆ. ಜೊತೆಗೆ ಟ್ರಾನ್ಸಿಸ್ಟರಿನ ಒಳಗೆ ತುಂಬಿಕೊಂಡ ವಿದ್ಯುದಾವೇಶವನ್ನು ಪ್ರತಿ ಸಲವೂ ಹಾಕಿ ತೆಗೆಯಬೇಕು, ಅದೂ ನಷ್ಟವೇ. ಒಂದು ಸಲದ ನಷ್ಟ ಅತ್ಯಲ್ಪ, ಆದರೆ ಅದನ್ನು ಲಕ್ಷದಿಂದ ಗುಣಿಸಬೇಕು. ಹಾಗಾಗಿ ಸಾಮಾನ್ಯ ಸಿಲಿಕಾನ್ ಅಡಾಪ್ಟರುಗಳು ಬಹುಕಾಲ ಸೆಕೆಂಡಿಗೆ 65 ಸಾವಿರ ಸಲದ ಆಸುಪಾಸಿನಲ್ಲೇ ನಿಂತವು. ಗ್ಯಾನ್ ಬಳಸುವ ಅಡಾಪ್ಟರುಗಳು ಒಂದು ಲಕ್ಷದಿಂದ ಮೂರು ಲಕ್ಷದವರೆಗೆ, ಕೆಲವು ಅದಕ್ಕೂ ಮೇಲೆ ಹೋಗುತ್ತವೆ.

ಇದು ಸಾಧ್ಯವಾಗುವುದು ಹರಳಿನ ಗುಣದಿಂದ. ಅರೆವಾಹಕದಲ್ಲಿ ಎಲೆಕ್ಟ್ರಾನನ್ನು ಬಂಧನದಿಂದ ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಶಕ್ತಿ ಸಿಲಿಕಾನಿನಲ್ಲಿ ಸುಮಾರು 1.1 ಎಲೆಕ್ಟ್ರಾನ್‌ವೋಲ್ಟ್, ಗ್ಯಾಲಿಯಂ ನೈಟ್ರೈಡಿನಲ್ಲಿ 3.4. ಅಷ್ಟು ಬಿಗಿಯಾದ ಹರಳು ಒಡೆಯದೆ ತಡೆದುಕೊಳ್ಳುವ ವಿದ್ಯುತ್ ಕ್ಷೇತ್ರವೂ ಸಿಲಿಕಾನಿಗಿಂತ ಹತ್ತು ಪಟ್ಟಿನಷ್ಟು. ಹೀಗಾಗಿ 650 ವೋಲ್ಟು ತಡೆಯಲು ಸಿಲಿಕಾನಿನಲ್ಲಿ ಬೇಕಾದ ಅಂತರಕ್ಕಿಂತ ಬಹಳ ಕಡಿಮೆ ಅಂತರ ಇಲ್ಲಿ ಸಾಕು, ಕರೆಂಟು ಹಾಯುವ ದಾರಿ ಮೊಟಕಾದಷ್ಟೂ ಅಡ್ಡಿ ಕಡಿಮೆ. ಇನ್ನೊಂದು ಸೊಗಸಾದ ಸಂಗತಿಯಿದೆ. ಗ್ಯಾಲಿಯಂ ನೈಟ್ರೈಡಿನ ಮೇಲೆ ಅಲ್ಯೂಮಿನಿಯಂ ಬೆರೆತ ಅದೇ ನೈಟ್ರೈಡಿನ ತೆಳುಪದರ ಬೆಳೆಸಿದರೆ, ಎರಡು ಪದರ ಕೂಡುವಲ್ಲಿ ಎಲೆಕ್ಟ್ರಾನುಗಳು ತಾವಾಗಿಯೇ ಹಾಳೆಯಂತೆ ಹರಡಿ ಕೂಡಿಕೊಳ್ಳುತ್ತವೆ. ಬೇರೆ ಧಾತುವನ್ನು ಬೆರಸಿ ಎಲೆಕ್ಟ್ರಾನ್ ತರುವ ಅಗತ್ಯ ಇಲ್ಲದ್ದರಿಂದ ಅವಕ್ಕೆ ಅಡ್ಡ ಬರುವ ಕಲ್ಮಶವೂ ಇಲ್ಲ. ಟ್ರಾನ್ಸಿಸ್ಟರಿನ ಒಳಗೆ ತುಂಬಿ ತೆಗೆಯಬೇಕಾದ ಆವೇಶವೂ ಸಿಲಿಕಾನಿಗಿಂತ ತೀರಾ ಕಡಿಮೆ.

ಈ ಜೋಡಿಪದರದ ಟ್ರಾನ್ಸಿಸ್ಟರನ್ನು ಅಮೆರಿಕದಲ್ಲಿ ಆಸಿಫ್ ಖಾನ್ ಮತ್ತು ಸಂಗಡಿಗರು ತೋರಿಸಿದ್ದು 1993ರಲ್ಲಿ. ಅದೇ ಹೊತ್ತಿಗೆ ಜಪಾನಿನಲ್ಲಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಅವರು ಇದೇ ವಸ್ತುವಿನಿಂದ ನೀಲಿ ಎಲ್‌ಇಡಿ ಹೊಳೆಯಿಸಿದ್ದರು. ನಮ್ಮ ಮನೆಗಳ ಬಿಳಿ ಎಲ್‌ಇಡಿ ಬಲ್ಬುಗಳಿಗೆ ಮೂಲ ಅದು. ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಬಂತು. ಎಲ್‌ಇಡಿಗಾಗಿ ಕಲಿತ ಹರಳು ಬೆಳೆಸುವ ವಿದ್ಯೆಯಿಂದ ರಾಡಾರಿನ, ಮೊಬೈಲ್ ಟವರಿನ ಬಿಡಿಭಾಗಗಳು ಬಂದವು. ಕೊನೆಗೆ ಚಾರ್ಜರುಗಳ ಸರದಿ. ಆಂಕರ್ ಕಂಪನಿ ತನ್ನ ಪುಟ್ಟ ಗ್ಯಾನ್ ಚಾರ್ಜರನ್ನು 2018ರಲ್ಲಿ ಪ್ರಕಟಿಸಿತು. 2020ರ ಫೆಬ್ರುವರಿಯಲ್ಲಿ ಶವೋಮಿ 65 ವ್ಯಾಟಿನ ಗ್ಯಾನ್ ಚಾರ್ಜರ್ ತಂದ ಮೇಲೆ ಹೆಸರು ಜನರ ಬಾಯಿಗೆ ಬಂತು. ಆ ವರ್ಷವೇ ಆಪಲ್ ಫೋನಿನ ಡಬ್ಬಿಯಿಂದ ಚಾರ್ಜರ್ ತೆಗೆದುಹಾಕಿತು, ಬೇರೆಯವರೂ ಹಿಂಬಾಲಿಸಿದರು. ಚಾರ್ಜರನ್ನು ಬೇರೆಯಾಗಿ ಕೊಳ್ಳುವ ಪರಿಸ್ಥಿತಿ ಬಂದದ್ದು ಗ್ಯಾನಿನ ಮಾರಾಟಕ್ಕೆ ದೊಡ್ಡ ನೂಕುಬಲ. ಆಪಲ್ ತಾನೇ ಗ್ಯಾನ್ ಬಳಸಿದ್ದು 2021ರಲ್ಲಿ, 140 ವ್ಯಾಟಿನ ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ.

‘ಗ್ಯಾನ್ ವಿರುದ್ಧ ಸಿಲಿಕಾನ್’ ಎಂದು ಮಾತನಾಡುವವರು ಮರೆಯುವ ಸಂಗತಿಯೆಂದರೆ ಚಾರ್ಜರಿನೊಳಗಿನ ಗ್ಯಾನ್ ಬೆಳೆಯುವುದೇ ಸಿಲಿಕಾನ್ ಬಿಲ್ಲೆಯ ಮೇಲೆ. ಗ್ಯಾಲಿಯಂ ನೈಟ್ರೈಡಿನದೇ ದೊಡ್ಡ ಬಿಲ್ಲೆ ಮಾಡುವುದು ತೀರಾ ದುಬಾರಿ. ಆದ್ದರಿಂದ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಸಿಲಿಕಾನಿನ ಮೇಲೆ ಕೆಲವೇ ಮೈಕ್ರೊಮೀಟರ್ ದಪ್ಪದ ಪದರ ಕೂರಿಸುತ್ತಾರೆ. ಎರಡು ಹರಳುಗಳ ಪರಮಾಣು ಅಂತರ ಒಂದಕ್ಕೊಂದು ಹೊಂದುವುದಿಲ್ಲ, ತಣಿಯುವಾಗ ಕುಗ್ಗುವ ಪ್ರಮಾಣವೂ ಬೇರೆ. ಬಿಲ್ಲೆ ಬಾಗುತ್ತದೆ, ಪದರ ಬಿರಿಯುತ್ತದೆ. ನಡುವೆ ಬೇರೆ ಬೇರೆ ಪದರಗಳನ್ನಿಟ್ಟು ಈ ಎಳೆತವನ್ನು ಪಳಗಿಸುವುದೇ ಈ ಕಸುಬಿನ ಗುಟ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಕೇಂದ್ರದಲ್ಲಿ ವರ್ಷಗಳಿಂದ ನಡೆದಿರುವ ಕೆಲಸಗಳಲ್ಲಿ ಇದೂ ಒಂದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ನೆರವಿನಿಂದ ಅಲ್ಲಿ ಗ್ಯಾನ್‌ಗೆಂದೇ ಒಂದು ಕೇಂದ್ರ ಎದ್ದಿದೆ, ಅಲ್ಲಿನ ಸಂಶೋಧನೆಯಿಂದ ಅಗ್ನಿಟ್ ಎಂಬ ಕಂಪನಿಯೂ ಹುಟ್ಟಿದೆ. ಅದರ ಒಲವು ಚಾರ್ಜರಿಗಿಂತ ರೇಡಿಯೊ ಸಂವಹನದ ಬಿಡಿಭಾಗಗಳ ಕಡೆಗೆ. ಆದರೂ ಹರಳು ಬೆಳೆಸುವ ಕಷ್ಟ ಎರಡಕ್ಕೂ ಒಂದೇ.

ಗ್ಯಾಲಿಯಂ ಸಿಗುವುದು ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ ಉಪೋತ್ಪನ್ನವಾಗಿ. ಜಗತ್ತಿನ ಉತ್ಪಾದನೆಯಲ್ಲಿ ಬಹುಪಾಲು ಚೀನಾದ್ದು, 2023ರ ಆಗಸ್ಟಿನಿಂದ ಆ ದೇಶ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪದರ ಇಷ್ಟು ತೆಳುವಾಗಿರುವುದರಿಂದ ಒಂದು ಚಾರ್ಜರಿಗೆ ಬೇಕಾಗುವ ಗ್ಯಾಲಿಯಂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದರಿಂದ ಚಾರ್ಜರಿನ ಬೆಲೆ ಏರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಈಗ ಗ್ಯಾನ್ ಚಾರ್ಜರ್ ಒಂದನ್ನು ಬಿಚ್ಚಿ ನೋಡೋಣ. ಒಳಗಿರುವ ಗ್ಯಾನ್ ಭಾಗ ಸಾಮಾನ್ಯವಾಗಿ ಒಂದೋ ಎರಡೋ. ಡಯೋಡುಗಳು ಸಿಲಿಕಾನು, ನಿಯಂತ್ರಿಸುವ ಚಿಪ್ಪು ಸಿಲಿಕಾನು, ಆಚೆ ಬದಿಯ ಟ್ರಾನ್ಸಿಸ್ಟರು ಬಹುತೇಕ ಸಿಲಿಕಾನು, ಯುಎಸ್‌ಬಿ ಮಾತುಕತೆ ನಡೆಸುವ ಚಿಪ್ಪೂ ಸಿಲಿಕಾನೇ. ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವ ಬಿಡಿಭಾಗಗಳಲ್ಲೊಂದು ಮೊದಲು ಹೇಳಿದ ಆ ದಪ್ಪ ಕೆಪಾಸಿಟರ್, ಮತ್ತು ಗ್ಯಾನ್‌ನಿಂದ ಅದು ಒಂದಿಷ್ಟೂ ಕುಗ್ಗುವುದಿಲ್ಲ. ಗೋಡೆಯ ಕರೆಂಟಿನ ಎರಡು ಅಲೆಗಳ ನಡುವಿನ ತಗ್ಗನ್ನು ತುಂಬುವುದು ಅದರ ಕೆಲಸ, ಅದರ ಗಾತ್ರ ತೀರ್ಮಾನವಾಗುವುದು ಸೆಕೆಂಡಿಗೆ 50 ಆವರ್ತನ ಎಂಬ ಅಂಕಿಯಿಂದ. ಟ್ರಾನ್ಸಿಸ್ಟರ್ ಎಷ್ಟೇ ವೇಗವಾಗಿ ಓಡಿದರೂ ವಿದ್ಯುತ್ ಜಾಲ ತನ್ನ ಪಾಡಿಗೆ ತಾನು ನಡೆಯುತ್ತದೆ. ಇನ್ನೂ ಒಂದು ಮಾತು. ಒಂದೇ ಚಾರ್ಜರ್ 100 ವೋಲ್ಟಿನ ಜಪಾನಿಗೂ 230 ವೋಲ್ಟಿನ ಭಾರತಕ್ಕೂ ಹೊಂದಬೇಕೆಂದು ಕಂಪನಿಗಳು ಕಡಿಮೆ ವೋಲ್ಟಿನ ದೇಶಗಳನ್ನು ಗಮನದಲ್ಲಿಟ್ಟು ಕೆಪಾಸಿಟರ್ ಆರಿಸುತ್ತವೆ. ನಮ್ಮ 230 ವೋಲ್ಟಿಗೆ ಮಾತ್ರ ಮಾಡಿದ್ದರೆ ಅದು ಇನ್ನೂ ಸಣ್ಣದಿರಬಹುದಿತ್ತು.

65 ವ್ಯಾಟ್ ಇಷ್ಟು ಜನಪ್ರಿಯವಾದದ್ದಕ್ಕೂ ಒಂದು ಕಾರಣ ಇಲ್ಲಿದೆ. ಗೋಡೆಯಿಂದ 75 ವ್ಯಾಟಿಗಿಂತ ಹೆಚ್ಚು ಎಳೆಯುವ ಉಪಕರಣ ಕರೆಂಟನ್ನು ಅಲೆಯ ಆಕಾರಕ್ಕೆ ಹೊಂದಿಸಿಕೊಂಡೇ ಎಳೆಯಬೇಕು ಎಂಬ ನಿಯಮ ಯುರೋಪ್ ಮೊದಲಾದ ಕಡೆ ಇದೆ. ಅದಕ್ಕೆ ಇನ್ನೊಂದು ಹಂತದ ಸರ್ಕ್ಯೂಟ್ ಬೇಕು. 65 ವ್ಯಾಟ್ ಕೊಡುವ ಅಡಾಪ್ಟರ್ ಎಳೆಯುವುದು 70ರ ಆಸುಪಾಸು, ಗೆರೆ ದಾಟುವುದಿಲ್ಲ. 100 ವ್ಯಾಟಿನ ಚಾರ್ಜರ್ 65ರದ್ದಕ್ಕಿಂತ ನಿರೀಕ್ಷೆ ಮೀರಿ ದಪ್ಪವಾಗಿ ಕಂಡರೆ ಆ ಹೆಚ್ಚುವರಿ ಹಂತದ ಪಾಲು ಅದರಲ್ಲಿದೆ. ಗ್ಯಾನ್ ನಿಜವಾಗಿ ಬೆವರು ಸುರಿಸಿ ದುಡಿಯುವುದೂ ಇಂಥ ದೊಡ್ಡ ಚಾರ್ಜರುಗಳಲ್ಲೇ.

ಇನ್ನು ಬಿಸಿಯ ಲೆಕ್ಕ. ಇಡೀ ಚರ್ಚೆಯ ತಿರುಳು ಇಲ್ಲಿದೆ ಎಂದು ನಾನು ನಂಬಿರುವುದರಿಂದ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. 65 ವ್ಯಾಟಿನ ಒಂದು ಒಳ್ಳೆಯ ಸಿಲಿಕಾನ್ ಅಡಾಪ್ಟರಿನ ದಕ್ಷತೆ ಶೇ 90 ಎಂದಿಟ್ಟುಕೊಳ್ಳಿ. ಅದು ಗೋಡೆಯಿಂದ ಎಳೆಯುವುದು 72.2 ವ್ಯಾಟ್, ಡಬ್ಬಿಯೊಳಗೇ ಶಾಖವಾಗುವುದು 7.2 ವ್ಯಾಟ್. ಒಳ್ಳೆಯ ಗ್ಯಾನ್ ಅಡಾಪ್ಟರಿನ ದಕ್ಷತೆ ಶೇ 94 ಎಂದರೆ ಎಳೆಯುವುದು 69.1, ಶಾಖವಾಗುವುದು 4.1 ವ್ಯಾಟ್. ದಕ್ಷತೆಯಲ್ಲಿ ಕಂಡ ನಾಲ್ಕು ಅಂಶದ ವ್ಯತ್ಯಾಸ ಶಾಖದಲ್ಲಿ ಶೇ 43ರ ಇಳಿಕೆಯಾಯಿತು. ಇದು ಸಣ್ಣ ಸಾಧನೆಯಲ್ಲ. ಡಬ್ಬಿಯ ಗಾತ್ರ ಹಿಂದಿನಷ್ಟೇ ಇದ್ದಿದ್ದರೆ ಗ್ಯಾನ್ ಚಾರ್ಜರ್ ನಿಜಕ್ಕೂ ತಣ್ಣಗಿರುತ್ತಿತ್ತು. ಆದರೆ ಗಾತ್ರ ಹಾಗೇ ಉಳಿಯಲಿಲ್ಲ. ಹಳೆಯ 65 ವ್ಯಾಟಿನ ಲ್ಯಾಪ್‌ಟಾಪ್ ಅಡಾಪ್ಟರಿನ ಘನಗಾತ್ರ ಸುಮಾರು 130 ಘನ ಸೆಂಟಿಮೀಟರ್, ಇಂದಿನ ಗ್ಯಾನ್ ಚಾರ್ಜರಿನದು 55ರ ಆಸುಪಾಸು. ಒಳಗಿನ ಶಾಖ ಹೊರಹೋಗಬೇಕಾದದ್ದು ಡಬ್ಬಿಯ ಮೈಯಿಂದ. ಆಕಾರ ಒಂದೇ ಇದ್ದು ಗಾತ್ರ ಹೀಗೆ ಕುಗ್ಗಿದರೆ ಮೈಯ ವಿಸ್ತೀರ್ಣ ಕುಗ್ಗುವುದು ಶೇ 44ರಷ್ಟು. ಶಾಖ ಶೇ 43 ಇಳಿಯಿತು, ಅದನ್ನು ಹೊರಹಾಕುವ ಮೈ ಶೇ 44 ಇಳಿಯಿತು. ಮುಟ್ಟಿದರೆ ಬಿಸಿ ಅಷ್ಟೇ.

ಗ್ಯಾನ್ ಚಾರ್ಜರ್ ಕೊಂಡು ‘ತಣ್ಣಗಿರುತ್ತದೆ ಎಂದರಲ್ಲ, ಕೈ ಸುಡುತ್ತಿದೆಯಲ್ಲ’ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲಿದೆ. ಚಾರ್ಜರ್ ಕೆಟ್ಟಿಲ್ಲ, ಗ್ಯಾನ್ ಸುಳ್ಳು ಹೇಳಿಲ್ಲ. ಅದು ಉಳಿಸಿದ ಬಿಸಿಯಷ್ಟನ್ನೂ ಕಂಪನಿ ಡಬ್ಬಿ ಕುಗ್ಗಿಸಲು ಬಳಸಿಕೊಂಡಿತು, ಅಷ್ಟೇ. ಬೇರೆ ಆಯ್ಕೆಗಳಿದ್ದವು: ಡಬ್ಬಿಯನ್ನು ಸ್ವಲ್ಪ ಮಾತ್ರ ಕುಗ್ಗಿಸಿ ತಂಪಾಗಿ ಇಡಬಹುದಿತ್ತು, ಒಳಗಿನ ಬಿಡಿಭಾಗಗಳಿಗೆ ಹೆಚ್ಚು ಆಯಸ್ಸು ಕೊಡಬಹುದಿತ್ತು. ಮಾರುಕಟ್ಟೆ ಆರಿಸಿಕೊಂಡದ್ದು ಅಂಗಡಿಯ ಗಾಜಿನ ಹಿಂದೆ ಕಣ್ಣಿಗೆ ಬೀಳುವ ಗುಣವನ್ನು. ಗಾತ್ರ ಕಾಣುತ್ತದೆ, ಬಿಸಿ ಮನೆಗೆ ತಂದ ಮೇಲೆ ತಿಳಿಯುತ್ತದೆ, ಆಯಸ್ಸು ತಿಳಿಯಲು ವರ್ಷಗಳೇ ಬೇಕು.

ಚಿಕ್ಕದಾಗುವುದರಿಂದ ಲಾಭವೇ ಇಲ್ಲ ಎಂದಲ್ಲ. ನಮ್ಮ ಮನೆ, ಹಾಸ್ಟೆಲ್, ಲಾಡ್ಜು, ರೈಲುಗಳ ಸಾಕೆಟ್ಟುಗಳಲ್ಲಿ ಎಷ್ಟೋ ಸಡಿಲವಾಗಿರುತ್ತವೆ. ನೇರವಾಗಿ ಗೋಡೆಗೆ ಚುಚ್ಚುವ ಭಾರದ ಅಡಾಪ್ಟರ್ ಜೋತುಬಿದ್ದು, ಪಿನ್ನು ಸರಿಯಾಗಿ ಕೂರದೆ ಕಿಡಿ ಹಾರುವುದು, ಸಾಕೆಟ್ಟಿನ ಬಾಯಿ ಕರಿದಾಗುವುದು ಎಲ್ಲರೂ ಕಂಡದ್ದು. ಹಗುರ ಚಾರ್ಜರಿಗೆ ಈ ಕಾಟ ಕಡಿಮೆ. ದಿನವೂ ಬಸ್ಸು ಮೆಟ್ರೊಗಳಲ್ಲಿ ಚೀಲ ಹೊತ್ತು ಓಡಾಡುವವರಿಗೆ ಕಾಲು ಕಿಲೊ ಮೀರಿದ ಅಡಾಪ್ಟರ್ ಮತ್ತು ವೈರಿನ ಗಂಟಿನ ಬದಲು ನೂರು ನೂರಿಪ್ಪತ್ತು ಗ್ರಾಮಿನ ಡಬ್ಬಿ ಸಿಕ್ಕರೆ ಅದು ನೆಮ್ಮದಿ. ಆ ನೆಮ್ಮದಿಗೆ ಹಣ ಕೊಡುವುದು ಸರಿಯೇ. ಕೊಡುವುದು ಯಾವುದಕ್ಕೆ ಎಂದು ತಿಳಿದು ಕೊಡಬೇಕು.

‘ಬೇಗ ಚಾರ್ಜ್ ಮಾಡುತ್ತದೆ’ ಎಂಬ ಮಾತಿಗೆ ಬರೋಣ. ಇದರಲ್ಲಿ ಗ್ಯಾನ್ ಪಾತ್ರ ಇಲ್ಲ. ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಬೇಕೆಂದು ತೀರ್ಮಾನಿಸುವುದು ಫೋನು. ಟೈಪ್-ಸಿ ವೈರಿನ ಮೂಲಕ ಅದು ಚಾರ್ಜರಿನೊಂದಿಗೆ ಮಾತನಾಡಿ ತನಗೆ ಬೇಕಾದ್ದನ್ನು ಕೇಳುತ್ತದೆ. ಯುಎಸ್‌ಬಿ ಪವರ್ ಡೆಲಿವರಿ ಎಂಬ ಈ ಒಪ್ಪಂದದ ಭಾಷೆ ಮೊದಲು 100 ವ್ಯಾಟಿನವರೆಗೆ ಇತ್ತು, 2021ರ ಪರಿಷ್ಕರಣೆಯಲ್ಲಿ 240ಕ್ಕೆ ಏರಿತು. 25 ವ್ಯಾಟಷ್ಟೇ ಸ್ವೀಕರಿಸುವ ಫೋನಿಗೆ 25 ವ್ಯಾಟಿನ ಸಿಲಿಕಾನ್ ಚಾರ್ಜರೂ 100 ವ್ಯಾಟಿನ ಗ್ಯಾನ್ ಚಾರ್ಜರೂ ಒಂದೇ. ಬ್ಯಾಟರಿ ಮುಕ್ಕಾಲು ದಾಟಿದ ಮೇಲೆ ಫೋನು ತಾನೇ ವೇಗ ತಗ್ಗಿಸುತ್ತದೆ, ಅದಕ್ಕೂ ಚಾರ್ಜರಿಗೂ ಸಂಬಂಧವಿಲ್ಲ. ಇನ್ನೂ ಮುಂದೆ ಹೋಗಿ ಹೇಳಬೇಕಾದರೆ, ತಮ್ಮದೇ ವಿಧಾನದಲ್ಲಿ 67, 80 ವ್ಯಾಟ್ ಚಾರ್ಜ್ ಮಾಡುವ ಕೆಲವು ಚೀನೀ ಬ್ರ್ಯಾಂಡಿನ ಫೋನುಗಳಿಗೆ ಡಬ್ಬಿಯಲ್ಲಿ ಬಂದ ಚಾರ್ಜರೇ ವೇಗ. ಬೇರೆ ಕಂಪನಿಯ ದುಬಾರಿ ಗ್ಯಾನ್ ಚಾರ್ಜರಿಗೆ ಆ ಭಾಷೆ ಬಾರದಿದ್ದರೆ ಅದೇ ಫೋನು ಅದರಲ್ಲಿ ತೆವಳುತ್ತದೆ. ಸ್ಯಾಮ್ಸಂಗ್ ಫೋನುಗಳಿಗೆ ಪಿಪಿಎಸ್ ಎಂಬ ಸೌಲಭ್ಯ ಇರುವ ಚಾರ್ಜರ್ ಬೇಕು. 60 ವ್ಯಾಟಿಗಿಂತ ಹೆಚ್ಚು ಬೇಕಾದರೆ ವೈರಿನೊಳಗೇ ಗುರುತಿನ ಚಿಪ್ಪಿರಬೇಕು. ‘ಗ್ಯಾನ್’ ಎಂಬ ಅಕ್ಷರಕ್ಕಿಂತ ಇವನ್ನು ಓದುವುದು ಮುಖ್ಯ.

ಒಂದೇ ಚಾರ್ಜರಿನಲ್ಲಿ ಫೋನು, ಲ್ಯಾಪ್‌ಟಾಪು, ಇಯರ್‌ಫೋನು ಎಲ್ಲ ನಡೆಯುವುದೂ ಗ್ಯಾಲಿಯಂ ಕೃಪೆಯಲ್ಲ, ಟೈಪ್-ಸಿ ಒಪ್ಪಂದದ್ದು. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನುಗಳಿಗೆ ಅದನ್ನು ಕಡ್ಡಾಯ ಮಾಡಿತು. ಹಲವು ಕಿಂಡಿಗಳ ಚಾರ್ಜರ್ ಕೊಳ್ಳುವವರು ಗಮನಿಸಬೇಕಾದ್ದು ಇನ್ನೊಂದಿದೆ. ಡಬ್ಬಿಯ ಮೇಲಿನ 65 ವ್ಯಾಟ್ ಒಂದೇ ಕಿಂಡಿ ಬಳಸಿದಾಗ ಸಿಗುವುದು. ಎರಡನೆಯದಕ್ಕೆ ಫೋನು ಚುಚ್ಚಿದ ತಕ್ಷಣ ಅದು 45 ಮತ್ತು 20 ಎಂದು ಹಂಚಿಹೋಗುತ್ತದೆ. ಹಂಚಿಕೆ ಬದಲಾಗುವ ಕ್ಷಣದಲ್ಲಿ ಎರಡೂ ಕಿಂಡಿಗಳು ಒಮ್ಮೆ ಆರಿ ಮತ್ತೆ ಹತ್ತುವುದು ಅನೇಕ ಚಾರ್ಜರುಗಳಲ್ಲಿ ಮಾಮೂಲಿ.

ಕರೆಂಟು ಉಳಿತಾಯದ ಲೆಕ್ಕ ಇನ್ನೂ ಸುಲಭ. 5,000 ಮಿಲಿಆಂಪಿಯರ್ ಗಂಟೆಯ ಫೋನ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್ ಗಂಟೆ. ದಿನಕ್ಕೊಮ್ಮೆ ಪೂರ್ತಿ ತುಂಬಿಸುತ್ತೀರಿ, ಒಂದು ಚಾರ್ಜರಿನ ದಕ್ಷತೆ ಶೇ 85, ಇನ್ನೊಂದರದು ಶೇ 91 ಎಂದುಕೊಂಡರೂ ದಿನದ ವ್ಯತ್ಯಾಸ ಒಂದೂವರೆ ವ್ಯಾಟ್ ಗಂಟೆ. ವರ್ಷಕ್ಕೆ ಅರ್ಧ ಯೂನಿಟ್ಟಿನ ಮೇಲೆ ಸ್ವಲ್ಪ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಮೂರು ಮೂರೂವರೆ ರೂಪಾಯಿ. ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಎಂಟು ಗಂಟೆ, ಸರಾಸರಿ 30 ವ್ಯಾಟಿನಂತೆ, ವರ್ಷಕ್ಕೆ ಮುನ್ನೂರು ದಿನ ದುಡಿದರೂ ಉಳಿಯುವುದು ಮೂರೂವರೆ ಯೂನಿಟ್ಟು. ಹೆಚ್ಚುವರಿ ಕೊಟ್ಟ ಬೆಲೆ ಇದರಿಂದ ಹಿಂದಿರುಗುವುದು ಆ ಚಾರ್ಜರಿನ ಆಯಸ್ಸಿನಲ್ಲಿ ಆಗದ ಮಾತು. ಖಾಲಿ ಚುಚ್ಚಿಟ್ಟ ಸಣ್ಣ ಚಾರ್ಜರ್ 0.1 ವ್ಯಾಟಿಗಿಂತ ಹೆಚ್ಚು ಎಳೆಯಬಾರದು ಎಂದು ಅಮೆರಿಕ ಮತ್ತು ಯುರೋಪಿನ ನಿಯಮಗಳಿವೆ. ಆ ಮಿತಿಯಷ್ಟೇ ಎಳೆದರೂ ವರ್ಷಕ್ಕೆ 0.88 ಯೂನಿಟ್ಟಾಗುತ್ತದೆ. ಅಂದರೆ ಫೋನು ತೆಗೆದ ಮೇಲೆ ಗೋಡೆಯ ಸ್ವಿಚ್ ಆರಿಸುವ ಮನೆ, ಗ್ಯಾನ್ ಕೊಂಡು ಸ್ವಿಚ್ ಹಾಗೇ ಬಿಟ್ಟ ಮನೆಗಿಂತ ಹೆಚ್ಚು ಉಳಿಸಬಲ್ಲದು.

ಗ್ಯಾನಿನ ದಕ್ಷತೆಗೆ ನಿಜವಾದ ಬೆಲೆ ಬರುವುದು ಹಗಲೂ ರಾತ್ರಿ ಓಡುವ ಯಂತ್ರಗಳಲ್ಲಿ. ಡೇಟಾ ಸೆಂಟರಿನ ಸರ್ವರಿಗೆ ಕರೆಂಟು ಕೊಡುವ 3,000 ವ್ಯಾಟಿನ ಘಟಕವೊಂದು ಅರ್ಧ ಭಾರದಲ್ಲಿ ಇಡೀ ವರ್ಷ ಓಡುತ್ತದೆ ಎನ್ನೋಣ. ದಕ್ಷತೆ ಶೇ 95ರಿಂದ 96ಕ್ಕೆ ಏರಿದರೆ ವರ್ಷಕ್ಕೆ 144 ಯೂನಿಟ್ಟು ಉಳಿಯುತ್ತದೆ, ಆ ಶಾಖವನ್ನು ತಣಿಸಲು ಬೇಕಿದ್ದ ಕರೆಂಟು ಬೇರೆ. ಇನ್ನೂರೈವತ್ತಕ್ಕೂ ಹೆಚ್ಚು ಫೋನ್ ಚಾರ್ಜರುಗಳನ್ನು ಗ್ಯಾನಿಗೆ ಬದಲಿಸಿದರೆ ಸಿಗುವ ಉಳಿತಾಯ ಅಲ್ಲಿ ಒಂದೇ ಘಟಕದಲ್ಲಿ ಸಿಗುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರಿನೊಳಗೆ ಆವೇಶ ಉಳಿದುಕೊಳ್ಳುವ ಕಾರಣ ದೊಡ್ಡ ಶಕ್ತಿಯಲ್ಲಿ ಬಳಸಲಾಗದಿದ್ದ ಕೆಲವು ಸರ್ಕ್ಯೂಟುಗಳು ಗ್ಯಾನ್ ಬಂದ ಮೇಲೆ ಬಳಕೆಗೆ ಬಂದಿವೆ. ಅಲ್ಲಿ ಗ್ಯಾನ್ ಗೆದ್ದಿದೆ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಬಾಳಿಕೆಯ ಪ್ರಶ್ನೆ ಮಾತ್ರ ಸುಲಭವಲ್ಲ. ಅಡಾಪ್ಟರುಗಳು ಸಾಯುವುದು ಹೆಚ್ಚಾಗಿ ಟ್ರಾನ್ಸಿಸ್ಟರಿನಿಂದಲ್ಲ, ಕೆಪಾಸಿಟರಿನಿಂದ. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಪ್ರತಿ ಹತ್ತು ಡಿಗ್ರಿ ಬಿಸಿ ಏರಿದಾಗ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಸೂತ್ರ. ಕುಗ್ಗಿದ ಡಬ್ಬಿಯಲ್ಲಿ ಈ ಕೆಪಾಸಿಟರ್ ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡಂತೆ ಕೂತಿರುತ್ತದೆ. ಗ್ಯಾನ್ ಹರಳು ಎಷ್ಟೇ ಗಟ್ಟಿಯಾಗಿರಲಿ, ಚಾರ್ಜರಿನ ಆಯಸ್ಸು ಆ ಕೆಪಾಸಿಟರಿನದು. 105 ಡಿಗ್ರಿಯ ಒಳ್ಳೆಯ ಕೆಪಾಸಿಟರ್ ಹಾಕಿದವರ ಸಿಲಿಕಾನ್ ಅಡಾಪ್ಟರ್ ಅಗ್ಗದ ಕೆಪಾಸಿಟರ್ ಹಾಕಿದವರ ಗ್ಯಾನ್ ಚಾರ್ಜರಿಗಿಂತ ಹೆಚ್ಚು ಕಾಲ ಬಾಳಿದರೆ ಅಚ್ಚರಿಯಿಲ್ಲ.

ನಮ್ಮ ಊರುಗಳ ಕರೆಂಟಿನ ಗುಣವನ್ನೂ ಇಲ್ಲಿ ಎಣಿಸಬೇಕು. ವೋಲ್ಟೇಜ್ ಮಿತಿ ಮೀರಿದಾಗ ಸಿಲಿಕಾನ್ ಟ್ರಾನ್ಸಿಸ್ಟರ್ ಕ್ಷಣಕಾಲ ತಾನೇ ಬಾಯಿಬಿಟ್ಟು ಹೆಚ್ಚುವರಿ ಶಕ್ತಿಯನ್ನು ನುಂಗಿಕೊಳ್ಳಬಲ್ಲದು. ಗ್ಯಾನ್‌ಗೆ ಆ ಗುಣ ಇಲ್ಲ. ತಯಾರಕರು ಅದಕ್ಕಾಗಿ ಮಿತಿಯನ್ನೇ ಎತ್ತರಿಸುತ್ತಾರೆ: 650 ವೋಲ್ಟಿನಿಂದ 750, 900, ಈಚೆಗೆ 1,250 ವೋಲ್ಟಿನ ಗ್ಯಾನ್ ಚಿಪ್ಪುಗಳೂ ಬಂದಿವೆ. ಸಿಡಿಲಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದರಿಂದ ಸ್ವಲ್ಪ ಧೈರ್ಯ. ಆದರೆ ಹಳ್ಳಿ, ಹೋಬಳಿಗಳಲ್ಲಿ ಹೆಚ್ಚು ಅಡಾಪ್ಟರುಗಳನ್ನು ಕೊಲ್ಲುವುದು ಬೇರೆ ಬಗೆಯ ಅಪಘಾತ: ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದು ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ ಮನೆಗೆ ನುಗ್ಗುವುದು. 415 ವೋಲ್ಟಿನ ಶಿಖರ 587 ವೋಲ್ಟು. ಅಡಾಪ್ಟರಿನ ಕೆಪಾಸಿಟರ್ ತಡೆಯುವುದು ಸಾಮಾನ್ಯವಾಗಿ 400 ವೋಲ್ಟು. ಮೊದಲು ಸಿಡಿಯುವುದು ಅದೇ, ಹಿಂದಿರುವ ಟ್ರಾನ್ಸಿಸ್ಟರ್ ಗ್ಯಾಲಿಯಂನದೋ ಸಿಲಿಕಾನಿನದೋ ಎಂಬುದು ಆಮೇಲಿನ ಮಾತು. ಇಂಥ ಕಡೆ ಬೇಕಾದ್ದು ಸರಿಯಾದ ಫ್ಯೂಸು, ಸರ್ಜ್ ತಡೆಯುವ ಬಿಡಿಭಾಗ. ಅಗ್ಗದ ಚಾರ್ಜರ್ ಮಾಡುವವರು ಮೊದಲು ಬಿಟ್ಟುಬಿಡುವುದೂ ಇವನ್ನೇ.

ಚಾರ್ಜ್ ಆಗುತ್ತಿರುವ ಲೋಹದ ಮೈಯ ಲ್ಯಾಪ್‌ಟಾಪ್ ಸವರಿದಾಗ ಬೆರಳು ಜುಮ್ಮೆನ್ನುವುದನ್ನು ಕೆಲವರು ಗ್ಯಾನಿನ ತಲೆಗೆ ಕಟ್ಟುತ್ತಾರೆ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಯಾವ ಅಡಾಪ್ಟರಿನಲ್ಲೂ ಇದು ಆಗುತ್ತದೆ. ಗದ್ದಲ ತಡೆಯಲು ಎರಡು ಬದಿಗಳ ನಡುವೆ ಇಟ್ಟ ಪುಟ್ಟ ಕೆಪಾಸಿಟರಿನ ಮೂಲಕ ಅತ್ಯಲ್ಪ ಕರೆಂಟು ಸೋರುತ್ತದೆ, ಅದರ ಮಿತಿಯನ್ನು ಸುರಕ್ಷತೆಯ ಮಾನಕಗಳೇ ಗೊತ್ತುಮಾಡಿವೆ. ಹಳೆಯ ಲ್ಯಾಪ್‌ಟಾಪ್ ಅಡಾಪ್ಟರುಗಳಲ್ಲಿ ಮೂರನೆಯ ಪಿನ್ನು ಇದ್ದು ಅದು ನೆಲಕ್ಕೆ ಹೋಗುತ್ತಿತ್ತು. ಡಬ್ಬಿ ಕುಗ್ಗಿಸುವ ಭರದಲ್ಲಿ ನಾವು ಕಳೆದುಕೊಂಡದ್ದು ಆ ಮೂರನೆಯ ಪಿನ್ನನ್ನೂ ಹೌದು.

ಹಾಗಾದರೆ ಯಾರು ಏನು ಕೊಳ್ಳಬೇಕು? ಫೋನೊಂದಕ್ಕೆ 20, 25 ವ್ಯಾಟ್ ಸಾಕೆನ್ನುವವರು ಒಳ್ಳೆಯ ಕಂಪನಿಯ ಸಿಲಿಕಾನ್ ಚಾರ್ಜರ್ ಕೊಂಡರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಅಷ್ಟು ಕಡಿಮೆ ಶಕ್ತಿಯಲ್ಲಿ ಸಿಲಿಕಾನಿನ ನಷ್ಟವೂ ಸಣ್ಣದು, ಡಬ್ಬಿಯೂ ಆಗಲೇ ಸಣ್ಣದು. 45 ವ್ಯಾಟ್ ಗಡಿಭಾಗ, ಅಲ್ಲಿ ಬೆಲೆ ನೋಡಿ ತೀರ್ಮಾನಿಸಬಹುದು. 65 ಮತ್ತು ಮೇಲಕ್ಕೆ, ಅದರಲ್ಲೂ ಹೊತ್ತು ತಿರುಗುವವರಿಗೆ, ಗ್ಯಾನ್ ಸರಿಯಾದ ಆಯ್ಕೆ. 100 ವ್ಯಾಟಿನ ಮೇಲೆ ಸಿಲಿಕಾನನ್ನು ಯಾರಿಗೂ ಸೂಚಿಸಲಾರೆ. ಮೇಜಿನ ಮೇಲೆ ಒಂದೇ ಕಡೆ ಇಟ್ಟು ವರ್ಷಗಟ್ಟಲೆ ಬಳಸುವ ಅಡಾಪ್ಟರ್ ಆದರೆ, ಇರುವ ಹಳೆಯ ಸಿಲಿಕಾನ್ ಡಬ್ಬಿಯನ್ನು ಬದಲಿಸಲು ಕಾರಣವೇ ಇಲ್ಲ. ‘ಗ್ಯಾನ್ 2’, ‘ಗ್ಯಾನ್ 3’ ಎಂಬ ತಲೆಮಾರುಗಳ ಹೆಸರಿಗೆ ಯಾವ ಮಾನಕವೂ ಇಲ್ಲ, ಅವು ಕಂಪನಿಗಳು ತಾವೇ ಇಟ್ಟುಕೊಂಡ ಹೆಸರುಗಳು.

ಯಾವುದನ್ನೇ ಕೊಂಡರೂ ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಡಬ್ಬಿಯ ಮೇಲಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದ್ದು ಎಂದು ನೋಡಬಹುದು. ಇದು ಸುರಕ್ಷತೆಯ ಗುರುತು, ಒಳಗೆ ಗ್ಯಾನ್ ಇದೆಯೇ ಎಂಬುದನ್ನು ಇದು ಹೇಳುವುದಿಲ್ಲ. ಅದನ್ನು ಬಿಚ್ಚದೆ ತಿಳಿಯುವ ದಾರಿ ಕೊಳ್ಳುವವರಿಗೆ ಇಲ್ಲ. ಹಾಗೆ ತಿಳಿಯಬೇಕಾದ ಅಗತ್ಯವೂ ಇರಬಾರದು. 65 ವ್ಯಾಟಿನ ಅಡಾಪ್ಟರಿನ ಸರಾಸರಿ ದಕ್ಷತೆ ಶೇ 88ಕ್ಕೆ ಕಡಿಮೆ ಇರಬಾರದೆಂದು ಅಮೆರಿಕದಲ್ಲಿ 2016ರಿಂದ ನಿಯಮವಿದೆ. ಯುರೋಪಿನಲ್ಲಿ 2020ರಿಂದ ತಯಾರಕರು ಸರಾಸರಿ ದಕ್ಷತೆ, ಹತ್ತನೇ ಒಂದು ಭಾರದಲ್ಲಿನ ದಕ್ಷತೆ, ಖಾಲಿ ಇದ್ದಾಗ ಎಳೆಯುವ ವ್ಯಾಟ್ ಇವುಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅದೇ ಮೂರು ಅಂಕಿಗಳು ನಮ್ಮಲ್ಲೂ ಡಬ್ಬಿಯ ಮೇಲೆ ಬರಲಿ. ಅವುಗಳ ಜೊತೆ ನಾಲ್ಕನೆಯದೂ ಬರಲಿ: 40 ಡಿಗ್ರಿ ಸೆಖೆಯ ಕೋಣೆಯಲ್ಲಿ ಪೂರ್ತಿ ಭಾರದಲ್ಲಿ ಒಂದು ಗಂಟೆ ಓಡಿದ ಮೇಲೆ ಚಾರ್ಜರಿನ ಮೈ ಎಷ್ಟು ಡಿಗ್ರಿ ಬಿಸಿಯಾಗುತ್ತದೆ. ಆ ಸಂಖ್ಯೆ ಮುದ್ರಿಸಬೇಕಾಗಿ ಬಂದರೆ ಕಂಪನಿಗಳು ಡಬ್ಬಿಯನ್ನು ಇನ್ನರ್ಧ ಸೆಂಟಿಮೀಟರ್ ದೊಡ್ಡದು ಮಾಡುವುದು ಖಂಡಿತ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಚಾರ್ಜರ್ ಬಳಸುವವರಿಗೆ ಆ ಅರ್ಧ ಸೆಂಟಿಮೀಟರಿನಿಂದ ಸಿಗುವ ಪ್ರಯೋಜನ ಗ್ಯಾನ್ ಎಂಬ ಮುದ್ರೆಯಿಂದ ಸಿಗುವುದಿಲ್ಲ.